ಕೊಡಪಾನ ಹಿಡಿದು ಬಂದ ಸುಬ್ರಾಯಣ್ಣ

ಅಂದು ಬೆಳಿಗ್ಗೆಯೂ ಪಕ್ಕದ ಮನೆಯ ಸುಬ್ರಾಯಣ್ಣ ಕೊಡಪಾನದಲ್ಲಿ ನೀರು ಹಿಡಿದು ಮಂಕಿ ಊರಿನ ನಮ್ಮ ತೆಂಗಿನ ತೋಟಕ್ಕೆ ಬಂದೇಬಿಟ್ಟರು. ನಮ್ಮ ಹಳೆಯ ಡೀಸೆಲ್ ಪಂಪು ಒಬ್ಬರಿಂದ ಏಳುವಂಥದ್ದಾಗಿರಲಿಲ್ಲ. ಅವರು ಪಂಪಿಗೆ ನೀರು ತುಂಬಬೇಕು, ನಾನು ಹ್ಯಾಂಡಲ್ ತಿರುಗಿಸಬೇಕು. ಆಮೇಲೆ ಬಾವಿಕಟ್ಟೆಯ ಮೇಲೆ ಇಬ್ಬರಿಗೂ ಚಹಾ. ಹಿಂದಿನ ದಿನವಷ್ಟೇ ಸೋಲಾರ್ ಪಂಪು ಕೂರಿಸಿದ್ದು ಅವರಿಗೆ ಗೊತ್ತಿತ್ತು, ಅವರ ಕಾಲಿಗೆ ಗೊತ್ತಿರಲಿಲ್ಲ.

ಪೈಪಿನಲ್ಲಿ ಆಗಲೇ ನೀರು ಸುರಿಯುತ್ತಿತ್ತು. ಅವರು ನಕ್ಕು, ತಂದ ನೀರನ್ನು ತೆಂಗಿನ ಬುಡಕ್ಕೆ ಹೊಯ್ದು ಹೊರಟರು.

“ಚಾ ಕುಡ್ದು ಹೋಗಿ ಸುಬ್ರಾಯಣ್ಣ” ಎಂದೆ.

“ಕೆಲ್ಸ ಇಲ್ದೆ ಎಂತ ಚಾ ತಮಾ?”

ಡೀಸೆಲ್ ಹೊತ್ತು ತರುವ ಕಷ್ಟ ತಪ್ಪಿತು, ಅದು ಸುಳ್ಳಲ್ಲ. ಬಿಸಿಲೇರಿದರೆ ಪಂಪು ತಾನೇ ಏಳುತ್ತದೆ. ನಾನು ಮಾತ್ರ ಇಂದಿಗೂ ಎರಡು ಲೋಟ ಚಹಾ ಒಯ್ದು, ಎರಡನ್ನೂ ನಾನೇ ಕುಡಿದು ಬರುತ್ತೇನೆ.