ಮೇಷ್ಟ್ರ ಪಥ್ಯ

ಮೊನ್ನೆ ಮೂಲಂಗಿ ಹೆಚ್ಚುತ್ತಿದ್ದೆ. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಮೇಷ್ಟ್ರು ನೆನಪಾದರು.

ಮಧುಗಿರಿಯ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟವರು ಅವರು. ನಾನು ಮದುವೆಯಾಗಿ ಅವರ ಬೀದಿಗೇ ಬಂದೆ, ಅವರ ಪಕ್ಕದ ಮನೆಯವಳಾದೆ. ನಿವೃತ್ತರಾಗಿ ಬಹಳ ವರ್ಷ ಕಳೆದ ಮೇಲೆ ಅವರಿಗೆ ಬಿ.ಪಿ. ಕಾಣಿಸಿಕೊಂಡಿತು. ಆಗ ಆಸ್ಪತ್ರೆಯ ಗೋಡೆಯ ಮೇಲಿದ್ದ ಸರ್ಕಾರದ ಆಹಾರ ಸೂಚನೆಗಳನ್ನು ನಿಂತು ಓದಿದರು. ಉಪ್ಪು, ಎಣ್ಣೆ, ಸಕ್ಕರೆ ಕಡಿಮೆ, ಹಸಿ ತರಕಾರಿ ಹೆಚ್ಚು, ತೂಕ ಹತೋಟಿಯಲ್ಲಿರಲಿ... ದೇಶದ ದೊಡ್ಡ ವಿಜ್ಞಾನಿಗಳು ಹೇಳಿದ ಮಾತು ಎಂಬ ಗೌರವ ಅವರಿಗೆ. ಅಂದಿನಿಂದ ಒಂದಕ್ಷರವನ್ನೂ ಮೀರಲಿಲ್ಲ.

ಅವರಿಗೆ ಹಲ್ಲುಗಳು ಉಳಿದಿರಲಿಲ್ಲ. ಹಸಿ ಮೂಲಂಗಿಯನ್ನು ಒಸಡಿನಲ್ಲೇ ಜಗಿದು ಜಗಿದು ಸುಸ್ತಾಗಿ ಕೈ ತೊಳೆದುಬಿಡುತ್ತಿದ್ದರು.

"ತಟ್ಟೇಲಿ ಅರ್ಧ ಅಂಗೇ ಬುಟ್ಟು ಏಳ್ತಾರೆ ಕಣಮ್ಮ," ಎಂದು ಅವರ ಹೆಂಡತಿ ಹೇಳುತ್ತಿದ್ದರು. "ಒಂಚೂರು ತುಪ್ಪ ಹಾಕೋಕೋದ್ರೆ ಕೈ ಅಡ್ಡ ಇಡ್ತಾರೆ."

ಷರಟು ಹೆಗಲಿನಿಂದ ಜಾರುವಷ್ಟು ಸಡಿಲವಾಯಿತು. ಬೀದಿಯವರೆಲ್ಲ, "ಮೇಷ್ಟ್ರು ಸ್ಲಿಮ್ ಆಗವ್ರೆ," ಎಂದು ಮೆಚ್ಚಿಕೊಂಡರು. ಅವರಿಗೂ ಅದು ಖುಷಿಯೇ. ಆದರೆ ಬರಬರುತ್ತಾ ಕುರ್ಚಿಯ ಕೈ ಹಿಡಿಯದೆ ಏಳಲು ಆಗದಾಯಿತು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಕಾಲು ಸೋತು ಕುಸಿದರು. ಮೂಳೆ ಮುರಿದಿರಲಿಲ್ಲ. ಅವರ ಹೆಂಡತಿಯ ಕೂಗು ಕೇಳಿ ನಾನು ಓಡಿಹೋಗಿ ಎತ್ತಿ ಕೂರಿಸುವಾಗ ಮಗುವಿನಷ್ಟು ಹಗುರವಾಗಿದ್ದರು... ಆ ಹಗುರ ಈಗಲೂ ನನ್ನ ಕೈಯಲ್ಲೇ ಇದ್ದಂತಿದೆ.

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಅವರ ತೋಳು, ತೊಡೆ ಮುಟ್ಟಿ ನೋಡಿದರು.

"ಉಪ್ಪು ಕಮ್ಮಿ ಮಾಡಿದ್ದು ಒಳ್ಳೇದೇ ಸರ್, ಅದು ಹಂಗೇ ಇರಲಿ. ಆದ್ರೆ ಹೊಟ್ಟೆ ಬಂದಿರೋ ನಲವತ್ತರೋರಿಗೆ ಹೇಳೋದನ್ನೇ ನೀವೂ ಹಿಡ್ಕೊಂಡ್ರೆ ಮೈಯಲ್ಲಿರೋ ಶಕ್ತಿ ಎಲ್ಲ ಹೋಗುತ್ತೆ. ತಿನ್ನೋದೇ ನಾಲ್ಕು ತುತ್ತು, ಅದ್ರಲ್ಲೇ ಸತ್ವ ಇರಬೇಕು."

ಅವರ ಮನೆಯಲ್ಲಿ ಮೊಟ್ಟೆ ಒಳಗೆ ಬರುವಂತಿಲ್ಲ. ಹಾಗಾಗಿ ಹಾಲಿನಲ್ಲಿ ಬೇಯಿಸಿದ ರಾಗಿ, ಕಡ್ಲೆಕಾಯಿ ಬೀಜದ ಪುಡಿ, ಗಟ್ಟಿ ಮೊಸರು, ಬೇಳೆಯ ಜೊತೆ ಮೆತ್ತಗೆ ಬೇಯಿಸಿದ ಸೊಪ್ಪು ಶುರುವಾಯಿತು. ನಿಧಾನವಾಗಿ ಬೀದಿಯ ಕೊನೆಯವರೆಗೆ ನಡೆದರು. ಆಮೇಲೆ ಬಸ್ ಸ್ಟ್ಯಾಂಡಿನವರೆಗೆ.

ಆ ಬೇಸಿಗೆಯಲ್ಲಿ ಪಿಂಚಣಿದಾರರ ಸಭೆಗೆ ಆರೋಗ್ಯ ಇಲಾಖೆಯವರೊಬ್ಬರು ಆಹಾರದ ಬಗ್ಗೆ ಮಾತಾಡಲು ಬಂದರು. ಮೇಷ್ಟ್ರನ್ನು ಕರೆದುಕೊಂಡು ಹೋಗಿದ್ದವಳು ನಾನೇ. ಅದೇ ಸೂಚನೆಗಳು ಮತ್ತೆ ಕೇಳಿಬಂದವು. ಮೇಷ್ಟ್ರು ಎದ್ದು ನಿಂತರು.

"ನಾನು ಇದನ್ನೆಲ್ಲ ಪಾಲಿಸ್ದೆ ಸ್ವಾಮಿ. ಬಿ.ಪಿ. ಇಳೀತು, ಸುಳ್ಳು ಹೇಳಲ್ಲ. ಅದರ ಜೊತೆ ನಾನೂ ಇಳಿದ್ಬುಟ್ಟೆ. ಇದು ಯಾವ ವಯಸ್ಸಿನೋರಿಗೆ?"

ಸಭೆ ನಕ್ಕಿತು. ಆ ಅಧಿಕಾರಿ ನಗಲಿಲ್ಲ. "ವಯಸ್ಸಾದೋರು ಸತ್ವ ಇರೋದನ್ನ ತಿನ್ಬೇಕು ಅಂತ ಮಾರ್ಗಸೂಚಿಯಲ್ಲೇ ಇದೆ ಸರ್. ಚಿಕ್ಕದು ಮಾಡಿ ಹೇಳೋವಾಗ ನಾವೇ ಅದನ್ನ ಬಿಟ್ಬಿಡ್ತೀವಿ," ಎಂದರು.

ಆಗ ಹಿಂದಿನ ಸಾಲಿನಿಂದ ಕೊಡಿಗೇನಹಳ್ಳಿಯ ಒಬ್ಬ ಅಜ್ಜಿ ಎದ್ದರು. "ನನ್ ತೂಕಾನೂ ಇಳೀತಾನೇ ಐತೆ ಕಣಪ್ಪ. ಒಳ್ಳೇದು ಅಂತ ಸುಮ್ಕಿದ್ದೆ."

ಯಾರೂ ನಗಲಿಲ್ಲ. ಮೇಷ್ಟ್ರು ಕುರ್ಚಿಗಳ ನಡುವೆ ಮೆಲ್ಲಗೆ ನಡೆದು ಹೋಗಿ ಅವರ ಪಕ್ಕದಲ್ಲಿ ಕೂತರು. ಸಭೆ ಮುಗಿದ ಮೇಲೂ ಅವರಿಬ್ಬರ ಮಾತು ಮುಗಿಯಲಿಲ್ಲ.

ಆಮೇಲೆ ಕೆಲವು ವರ್ಷ ಅವರು ನಮ್ಮ ಜೊತೆಗಿದ್ದರು, ತಮ್ಮ ಕಾಲ ಮೇಲೆ ತಾವೇ ನಿಂತು. ಒಂದು ಚಳಿಗಾಲ ಜ್ವರ ಬಂತು, ಬಿಡಲಿಲ್ಲ...

ಈಚೆಗೆ ನಮ್ಮತ್ತೆ ಊಟ ಸೇರುತ್ತಿಲ್ಲ ಎನ್ನುತ್ತಿದ್ದಾರೆ. ಮೇಷ್ಟ್ರನ್ನು ಒಂದು ಮಾತು ಕೇಳೋಣವೆಂದು ನಿನ್ನೆ ಚಪ್ಪಲಿ ಮೆಟ್ಟಿಯೇ ಬಿಟ್ಟಿದ್ದೆ. ಗೇಟಿನವರೆಗೂ ಹೋದ ಮೇಲೆ ನೆನಪಾಯಿತು, ಅವರಿಲ್ಲವೆಂದು.