ಮೇಷ್ಟ್ರು ಹೇಳಿದ ಒಂದು ಐಬು

ಹೋದ ವಾರ ಕಾಲೇಜಿನಲ್ಲಿ ಉತ್ತರ ಪತ್ರಿಕೆಗಳ ಕಟ್ಟಿಗೆ ಅರಗು ಹಾಕಿಸುತ್ತಾ ಕೂತಿದ್ದೆ. ಬಟ್ಟೆ ಚೀಲದ ಹೊಲಿಗೆಯ ಮೇಲೆ ಕೆಂಪು ಅರಗು ತೊಟ್ಟಿಕ್ಕಿ, ಆ ಸುಟ್ಟ ವಾಸನೆ ಮೂಗಿಗೆ ಬಂತು. ಪ್ರತಿ ಪರೀಕ್ಷೆಯಲ್ಲೂ ಬರುವ ವಾಸನೆಯೇ. ಅವತ್ತು ಯಾಕೋ ಮೈ ಸೋತಿತ್ತು, ಮನಸ್ಸೂ ಸೋತಿತ್ತು... ನಮ್ಮ ಬಾಟನಿ ಮೇಷ್ಟ್ರು ಎದುರಿಗೆ ಬಂದು ನಿಂತ ಹಾಗಾಯಿತು. ಮುದ್ರೆ ಒತ್ತಲು ಕಾಯುತ್ತಿದ್ದ ಜವಾನ "ಮೇಡಂ, ಅರಗು ಆರೋಗ್ತೈತೆ" ಎಂದು ಎಚ್ಚರಿಸಬೇಕಾಯಿತು.

ತಿಪಟೂರಿನಲ್ಲಿ ಬಿ.ಎಸ್ಸಿ. ಓದುವಾಗ ಅವರು ನಮಗೆ ಪಾಠ ಮಾಡಿದವರು. ಹುಳಿಯಾರಿನ ಕಡೆಯ ಒಂದು ಹಟ್ಟಿಯಿಂದ ಬಂದವರು. ಅವರಪ್ಪ, ಚಿಕ್ಕಪ್ಪಂದಿರೆಲ್ಲ ಕುರಿ ಹೊಡೆದುಕೊಂಡು ಊರೂರು ತಿರುಗಿದವರು. ತಾವೂ ಏಳನೇ ಕ್ಲಾಸಿನವರೆಗೆ ರಜೆಯೆಲ್ಲ ಕುರಿಯ ಹಿಂದೆಯೇ ಕಳೆದೆನೆಂದು ಹೇಳುತ್ತಿದ್ದರು. ಹೇಳುವಾಗ ಅದರಲ್ಲಿ ಹೆಮ್ಮೆಯೂ ಇರುತ್ತಿರಲಿಲ್ಲ, ಸಂಕೋಚವೂ ಇರುತ್ತಿರಲಿಲ್ಲ.

ನಾನು ಹೊನ್ನವಳ್ಳಿಯಿಂದ ಬೆಳಗಿನ ಬಸ್ಸಿಗೆ ಜೋತುಬಿದ್ದು ಬರುತ್ತಿದ್ದೆ. ಬಾಯಿ ಜೋರು. ಒಂದು ದಿನ ಮೇಷ್ಟ್ರು, ತೆಂಗಿನ ಕಾಂಡ ಒಮ್ಮೆ ಬೆಳೆದ ಮೇಲೆ ಬೇರೆ ಮರಗಳಂತೆ ದಪ್ಪವಾಗುತ್ತಾ ಹೋಗುವುದಿಲ್ಲ ಎಂದರು. ನಾನು ಎದ್ದು ನಿಂತು, ನಮ್ಮ ತೋಟದ ಹಳೇ ಮರಗಳ ಬುಡ ಅಷ್ಟು ದಪ್ಪ ಇದೆಯಲ್ಲ ಸಾರ್ ಎಂದೆ. ಹೋಗಿ ಅಳೆದುಕೊಂಡು ಬಾ ಎಂದರು. ಮರಗಳಿಗೆ ದಾರ ಸುತ್ತಿ, ಗುರುತು ಮಾಡಿ, ಇಡೀ ವರ್ಷ ಅಳೆದೆ. ಕಾಯಿ ಕೆಡವುವವರು ನನ್ನ ದಾರ ಕಂಡು ಯಾವ ಹರಕೆ ಅಂತ ಕೇಳಿದರು. ಒಂದು ಮರವೂ ಕೂದಲೆಳೆಯಷ್ಟು ದಪ್ಪವಾಗಲಿಲ್ಲ. ಆದರೂ ನಾನು ಬಿಡಲಿಲ್ಲ. ಒಂದು ವರ್ಷದ ಲೆಕ್ಕ ಸಾಕಾಗುವುದಿಲ್ಲ ಸಾರ್ ಎಂದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ಆಯ್ತು ಕಣಮ್ಮ, ಇನ್ನೊಂದು ವರ್ಸ ಅಳಿ" ಎಂದರು.

ಡಿಗ್ರಿ ಮುಗಿದ ವರ್ಷ ಬ್ರೌಸಿಂಗ್ ಸೆಂಟರಿನಲ್ಲಿ ಒಂದು ಕೋರ್ಸು ಕಣ್ಣಿಗೆ ಬಿತ್ತು. ಯುರೋಪಿನ ಮೂರು ದೇಶಗಳ ಮೂರು ವಿಶ್ವವಿದ್ಯಾಲಯಗಳು ಸೇರಿ ಕೊಡುವ ಒಂದೇ ಎಂ.ಎಸ್ಸಿ., ಸಸ್ಯವಿಜ್ಞಾನದಲ್ಲಿ. ಮೊದಲು ಒಂದು ದೇಶ, ಆಮೇಲೆ ಇನ್ನೊಂದು, ಕೊನೆಗೆ ಮತ್ತೊಂದು. ಆಯ್ಕೆಯಾದರೆ ಖರ್ಚೆಲ್ಲ ಅವರದೇ. ಅಪ್ಪನಿಗೆ ಹೇಳಿದಾಗ ಅವರ ಮೊದಲ ಪ್ರಶ್ನೆ, "ಒಂದ್ ಕಡೆ ಕೂರ್ಸಿ ಓದ್ಸೋಕೆ ಏನಂತೆ ಅವ್ರಿಗೆ?" ಅಪ್ಪ ಬೇಡವೆನ್ನಲಿಲ್ಲ. ಈ ಒಂದು ಸಲ ನೋಡು, ಆಗದಿದ್ದರೆ ಆ ಮಾತು ಮತ್ತೆ ಎತ್ತಬೇಡ ಎಂದರು. ಅಂದರೆ ನನಗಿದ್ದದ್ದು ಒಂದೇ ಅವಕಾಶ.

ಮೇಷ್ಟ್ರಿಗೆ ಮಾತ್ರ ಅದು ವಿಚಿತ್ರ ಅನ್ನಿಸಲೇ ಇಲ್ಲ. "ಒಂದ್ ತೋಟದಲ್ಲಿ ಮಂದೆ ಹಾಕಿ, ಮೇವು ಮುಗೀತಿದ್ದಂಗೆ ಇನ್ನೊಂದ್ ತೋಟಕ್ಕೆ ಹೋಗೋದು. ನಾವು ಮಾಡ್ತಿದ್ದುದೇ ಅಲ್ವಾ? ಹೋಗು, ಹೋಗು" ಎಂದರು.

ಅರ್ಜಿ ತುಂಬುವುದರೊಳಗೆ ಜೀವ ಹೈರಾಣಾಯಿತು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೇನೆಂದು ಒಂದು ಪತ್ರಕ್ಕಾಗಿ ಬೆಂಗಳೂರಿನ ಯೂನಿವರ್ಸಿಟಿ ಆಫೀಸಿಗೆ ಅಲೆದೆ. ಅಲ್ಲಿ ಸಾಹೇಬರು ಇರುತ್ತಿರಲಿಲ್ಲ, ಸಾಹೇಬರಿದ್ದರೆ ಸೀಲು ಇರುತ್ತಿರಲಿಲ್ಲ. ಮನೆತನದ ಹೆಸರು ಕಡ್ಡಾಯ ಎಂದು ಕಂಪ್ಯೂಟರು ಹಟ ಹಿಡಿಯಿತು. ನಮಗೆಲ್ಲಿಯ ಮನೆತನದ ಹೆಸರು? ಇನಿಷಿಯಲ್ಲನ್ನೇ ಬಿಡಿಸಿ ಊರಿನ ಹೆಸರು ಹಾಕಿದೆ. ಆಮೇಲೆ ಬಂದ ಇ-ಮೇಲುಗಳೆಲ್ಲ 'ಡಿಯರ್ ಮಿಸ್ ಹೊನ್ನವಳ್ಳಿ' ಎಂದೇ ಶುರುವಾಗುತ್ತಿದ್ದವು. ಇಡೀ ಊರೇ ಅರ್ಜಿ ಹಾಕಿದಂತಾಗಿತ್ತು.

ಕೊನೆಗೆ ಉಳಿದದ್ದು ಮೇಷ್ಟ್ರ ಶಿಫಾರಸು ಪತ್ರ. ಅದನ್ನು ಗುಟ್ಟಾಗಿ ಬರೆದು, ಲಕೋಟೆ ಅಂಟಿಸಿ, ಮೇಲೆ ಸಹಿ ಮಾಡಿ ಕೊಡಬೇಕು. ಮೇಷ್ಟ್ರು ನನ್ನನ್ನು ಲ್ಯಾಬಿನಲ್ಲಿ ಕೂರಿಸಿ ಗಟ್ಟಿಯಾಗಿ ಓದಿಯೇ ಹೇಳಿದರು. ಬೆನ್ನ ಹಿಂದೆ ಬರೆಯುವುದು ಅವರಿಗೆ ಒಗ್ಗದ ಕೆಲಸ. ಶ್ರದ್ಧೆ, ಶಿಸ್ತು, ಬುದ್ಧಿ ಎಲ್ಲ ಬಂತು. ನಾನು ಒಳಗೊಳಗೇ ಉಬ್ಬುತ್ತಿದ್ದೆ. ಕೊನೆಗೊಂದು ಸಾಲು: ಈಕೆ ಬಹಳ ವಾದ ಮಾಡುತ್ತಾಳೆ, ಸೋತ ಮೇಲೂ ಬಿಡುವುದಿಲ್ಲ.

"ಸಾರ್, ಅದನ್ನ ತೆಗೀರಿ ಸಾರ್" ಎಂದೆ.

"ಕುರಿ ಮಾರೋವಾಗ ನಮ್ಮ ಹಟ್ಟೀಲಿ ಒಂದು ಐಬು ನಾವೇ ಹೇಳ್ಬುಡ್ತೀವಿ ಕಣಮ್ಮ. ಕೊಳ್ಳೋನು ಹುಡುಕೋಕೆ ಬಿಡಲ್ಲ. ಆಗ ಮಿಕ್ಕಿದ್ದನ್ನೆಲ್ಲ ನಂಬ್ತಾನೆ."

"ನಾನೇನ್ ಕುರಿಯಾ ಸಾರ್? ಅಲ್ದೆ ನಾನೆಲ್ಲಿ ವಾದ ಮಾಡ್ತೀನಿ?"

"ಈಗ ಮಾಡ್ತಿರೋದೇನು?"

ನನಗೆ ಅಳು ಬಂದಿತ್ತು. ಅವರು ನಗುತ್ತಲೇ ಲಕೋಟೆ ಅಂಟಿಸಿದರು. ಗೋಂದಿನ ಮೇಲೆ ನಂಬಿಕೆ ಸಾಲದೆ, ಉತ್ತರ ಪತ್ರಿಕೆಯ ಕಟ್ಟಿಗೆ ಹಾಕುವ ಅರಗನ್ನೇ ಸ್ಪಿರಿಟ್ ದೀಪದಲ್ಲಿ ಕರಗಿಸಿ, ಮೂರು ಕಡೆ ತೊಟ್ಟಿಕ್ಕಿಸಿ ಒತ್ತಿದರು. ವಿದೇಶಕ್ಕೆ ಹೋಗುವ ಪತ್ರ ಗಟ್ಟಿಯಾಗಿರಲಿ ಎಂದು.

ಅರ್ಜಿ ಮೊದಲ ಜರಡಿಯಲ್ಲಿ ನಿಂತಿತು. ಮುಂದೆ ಫೋನಿನಲ್ಲಿ ಸಂದರ್ಶನ. ನಮ್ಮೂರಿನ ಫೋನಿಗೆ ಗ್ಯಾರಂಟಿ ಇರಲಿಲ್ಲ, ಹಾಗಾಗಿ ಮೇಷ್ಟ್ರ ಮನೆಯ ನಂಬರು ಕೊಟ್ಟಿದ್ದೆ. ಅವತ್ತು ಮಧ್ಯಾಹ್ನ ಪಕ್ಕದ ಕೊಬ್ಬರಿ ಮಂಡಿಯಲ್ಲಿ ಕಾಯಿ ಒಡೆಯುವ ಸದ್ದು. ಮೇಷ್ಟ್ರು ಹೋಗಿ ಕೈಮುಗಿದು ಕೆಲಸ ನಿಲ್ಲಿಸಿ ಬಂದರು. ಅಲ್ಲಿನ ಹೆಂಗಸರು ಎಲೆಅಡಿಕೆ ಹಾಕಿಕೊಂಡು ಸುಮ್ಮನೆ ಕೂತರು. ಮೇಷ್ಟ್ರು ನನ್ನನ್ನು ಫೋನಿನ ಮುಂದೆ ಬಿಟ್ಟು, ಬಾಗಿಲು ಎಳೆದುಕೊಂಡು ಜಗುಲಿಗೆ ಹೋದರು. ನನ್ನೊಬ್ಬಳ ಮಾತಿಗಾಗಿ ಒಂದು ಬೀದಿಯೇ ಬಾಯಿ ಮುಚ್ಚಿಕೊಂಡಿತ್ತು.

ಆ ಕಡೆ ಒಬ್ಬ ಹೆಂಗಸಿನ ದನಿ, ತುಂಬಾ ಮೃದು. ಪಾಠದ ಪ್ರಶ್ನೆಗಳಿಗೆಲ್ಲ ಚೆನ್ನಾಗಿಯೇ ಹೇಳಿದೆ. ಆಮೇಲೆ ಕೇಳಿದರು: ನೀವು ವಾದ ಮಾಡುತ್ತೀರಿ ಎಂದು ನಿಮ್ಮ ಪ್ರೊಫೆಸರ್ ಬರೆದಿದ್ದಾರೆ, ಅಂಥ ಒಂದು ವಾದದ ಬಗ್ಗೆ ನಮಗೆ ಹೇಳಿ.

ದಾರ ಸುತ್ತಿದ ಆ ಮರಗಳು ನೆನಪಿಗೇ ಬರಲಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯ ದನಿಯೊಂದು ನನ್ನ ಗಂಟಲಿನಿಂದ ಹೊರಟಿತು. ಇಲ್ಲ ಮೇಡಂ, ನಾನು ಗುರುಗಳಿಗೆ ಎದುರು ಮಾತಾಡುವವಳಲ್ಲ ಎಂದೆ. ಒಂದು ಸಲವೂ ಇಲ್ಲವೇ ಎಂದರು. ಒಂದು ಸಲವೂ ಇಲ್ಲ ಎಂದೆ. ಥ್ಯಾಂಕ್ಯೂ ಹೇಳಿ ಫೋನಿಟ್ಟರು.

ಜಗುಲಿಗೆ ಬಂದು ಮೇಷ್ಟ್ರಿಗೆ ನಡೆದದ್ದೆಲ್ಲ ಒಪ್ಪಿಸಿದೆ. ಅವರ ಹೆಸರಿಗೆ ಮಸಿ ಬಳಿಯಲಿಲ್ಲ ಎಂಬ ಸಮಾಧಾನ ಬೇರೆ ನನಗೆ. ಅವರು ಜಗುಲಿಯಿಂದ ಎದ್ದರು. ಪಕ್ಕದ ಮಂಡಿಯ ಕಡೆ ತಿರುಗಿ, "ಆಯ್ತು ಕಣ್ರವ್ವಾ, ಒಡ್ಕಳಿ" ಎಂದರು.

ಆಯ್ಕೆಯಾಗಿಲ್ಲ ಎಂಬ ಇ-ಮೇಲು ಬಂದಾಗ ಮಾವಿನಕಾಯಿ ಕಾಲ. ಕಾರಣ ಬರೆದಿರಲಿಲ್ಲ. ಮೂರು ದೇಶದವರು ಕೂತು ಯಾವುದನ್ನು ತೂಗಿದರೋ, ಬರೀ ಅಂಕ ಸಾಲದೇ ಹೋಯಿತೋ, ಇಂದಿಗೂ ಗೊತ್ತಿಲ್ಲ. ಮೇಷ್ಟ್ರು ಮಾತ್ರ ಆ ಒಂದು ಪ್ರಶ್ನೆಯಲ್ಲೇ ಸಿಕ್ಕಿಬಿದ್ದರು. "ಐಬು ಅಂತ ನಾನು ಬರ್ದೆ. ಅವ್ರಿಗೆ ಅದೇ ಬೇಕಾಗಿತ್ತೇನೋ. ಐಬಲ್ಲ ಅಂತ ನಿಂಗೆ ಮೊದ್ಲೇ ಹೇಳ್ಬೇಕಿತ್ತು ಕಣಮ್ಮ. ಹೇಳ್ಲಿಲ್ಲ" ಎಂದರು. ನಿಮ್ಮ ತಪ್ಪೇನಿಲ್ಲ ಸಾರ್ ಎಂದು ನಾನು ಎಷ್ಟೋ ಸಲ ಹೇಳಿದೆ. ಸುಮ್ಮನೆ ತಲೆಯಾಡಿಸುತ್ತಿದ್ದರು, ಒಪ್ಪುತ್ತಿರಲಿಲ್ಲ.

ಆಮೇಲೆ ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿದೆ. ಮದುವೆಯಾಯಿತು. ಅತಿಥಿ ಉಪನ್ಯಾಸಕಿಯಾಗಿ ಆ ಕಾಲೇಜು ಈ ಕಾಲೇಜು ಸುತ್ತಿ, ಕೊನೆಗೆ ನಮ್ಮ ಕಡೆಗೇ ಬಂದು ಸೇರಿದೆ. ಮೇಷ್ಟ್ರು ನಿವೃತ್ತರಾಗಿ ಹಟ್ಟಿಗೆ ಹೋಗಿದ್ದರು. ಹೋಗಿ ನೋಡಬೇಕೆಂದುಕೊಳ್ಳುತ್ತಲೇ ಇದ್ದೆ... ಸುದ್ದಿ ತಿಳಿದಾಗ ಅವರ ತಿಥಿಯೂ ಕಳೆದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹಳೇ ವಿದ್ಯಾರ್ಥಿ ಹೇಳಿದ. ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತು ಅತ್ತೆ. ಅವರಷ್ಟು ತಾಳ್ಮೆಯಿಂದ ನನ್ನ ಮಾತನ್ನು ಕೇಳಿಸಿಕೊಂಡವರು ಮತ್ತೆ ಸಿಗಲಿಲ್ಲ.

ಹೋದ ವಾರ ಅರಗು ಹಾಕಿಸಿದ ಆ ಕಟ್ಟುಗಳನ್ನು ಕಪಾಟಿಗಿಟ್ಟು ಸ್ಟಾಫ್ ಮೀಟಿಂಗಿಗೆ ಹೋದೆ. ಮುಂದಿನ ವರ್ಷದಿಂದ ಬಾಟನಿಗೆ ತೋಟಕ್ಕೆ ಹೋಗುವ ಪ್ರಾಕ್ಟಿಕಲ್ ಬೇಡ, ಚಿತ್ರ ಬರೆಸಿದರೆ ಸಾಕು ಎಂದರು ಪ್ರಿನ್ಸಿಪಾಲರು. ಎಲ್ಲರೂ ನನ್ನ ಮುಖ ನೋಡಿದರು. ಸುತ್ತಮುತ್ತ ಕಣ್ಣು ಹಾಯಿಸಿದಷ್ಟು ದೂರ ತೆಂಗಿನ ತೋಟ. "ಆಯ್ತು ಸಾರ್" ಎಂದೆ. ಮೀಟಿಂಗು ಬೇಗ ಮುಗಿಯಿತು. ಇತ್ತೀಚೆಗೆ ಎಲ್ಲ ಕಡೆ ನಾನು ಹೇಳುವುದು ಅದನ್ನೇ, ಮನೆಯಲ್ಲೂ ಅದನ್ನೇ. ಒಳ್ಳೆಯ ಹೆಂಗಸು, ಹೊಂದಿಕೊಂಡು ಹೋಗುತ್ತಾಳೆ ಎನ್ನುತ್ತಾರೆ ಜನ. ಇವತ್ತು ನನ್ನ ಬಗ್ಗೆ ಪತ್ರ ಬರೆಯಲು ಕೂತರೆ, ಮೇಷ್ಟ್ರಿಗೆ ಹೇಳುವುದಕ್ಕೆ ಒಂದು ಐಬೂ ಸಿಗಲಾರದು.