ಬರೆ ಕಡಿದ ಮೆಂಬರು

ಕೊಡಗಿನ ನಾಪೋಕ್ಲಿಗೆ ಬಂದ ಮೊದಲ ಮಳೆಗಾಲದಲ್ಲೇ ನನ್ನ ಅಂಗಡಿಯ ಹಿಂದಿನ ಮಣ್ಣಿನ ಗೋಡೆಯಿಂದ ನೀರು ಚಿಮ್ಮಿತು. ಸಿಮೆಂಟ್ ಗೋಡೌನಿಗೆಂದು ಜೆಸಿಬಿ ತರಿಸಿ ಗುಡ್ಡ ಕಡಿದು ಮಟ್ಟ ಮಾಡಿಸಿದ್ದ ಜಾಗ ಅದು. ನಮ್ಮ ಅರಕಲಗೂಡಿನ ಕಡೆ ನೆಲದಿಂದ ನೀರು ಬಂದರೆ ತೆಂಗಿನಕಾಯಿ ಒಡೆಯುತ್ತೇವಲ್ಲ, ನಾನೂ ಒಡೆದೆ. ಪಕ್ಕದ ತೋಟದ ಬೋಪಯ್ಯನವರು ಮಾತ್ರ ನಾಲ್ಕು ಹೆಜ್ಜೆ ಹಿಂದೆ ಸರಿದರು.

"ಬರೆಯಿಂದ ನೀರು ಬಂದ್ರೆ ಪೂಜೆ ಮಾಡೋದಲ್ಲ ಗೌಡ್ರೇ, ಜಾಗ ಖಾಲಿ ಮಾಡೋದು."

ಬರೆ ಎಂದರೆ ಇಲ್ಲಿ ಕಡಿದ ಗುಡ್ಡದ ಮೈ. ನನ್ನ ಬರೆ ಬೀಳಲಿಲ್ಲ. ಧೈರ್ಯ ಹೆಚ್ಚಿತು.

ಹದಿನೈದು ವರ್ಷದಲ್ಲಿ ಕಾಚಂಪುಳಿ ಎಂಬ ಕಪ್ಪು ಹುಳಿ ನಾಲಿಗೆಗೆ ಒಗ್ಗಿತು, ಇಲ್ಲಿಯ ಭಾಷೆ ಕೊಡವ ತಕ್ಕ್ ಅರ್ಧಂಬರ್ಧ ಬಂತು. ಆದರೂ ಬಸ್ ಸ್ಟ್ಯಾಂಡಿನಲ್ಲಿ ನಾನು 'ಆ ಹಾಸನದ ಸಿಮೆಂಟಿನವನು'. ಪಂಚಾಯಿತಿಗೆ ನಿಂತದ್ದೇ ಆ ಉರಿಗೆ. ಎಸ್ಟೇಟಿನ ಲೈನ್‌ಮನೆಗಳಲ್ಲೇ ಹುಟ್ಟಿ ಸಾಯುತ್ತಿದ್ದ ಕೂಲಿಯವರಿಗೆ ಸ್ವಂತ ಮನೆ ಕೊಡಿಸುತ್ತೇನೆಂದೆ, ಗೆದ್ದೆ. ಗುಡ್ಡ ಕಡಿಸಿ ಹನ್ನೊಂದು ಮನೆ ಕಟ್ಟಿಸಿಯೂ ಬಿಟ್ಟೆ.

ಈ ಆಷಾಢದಲ್ಲಿ ಆ ಮನೆಗಳ ಹಿಂದಿನ ಬರೆಯಿಂದ ಕೆಂಪು ನೀರು ಬಂತು. ಮೇಲೆ ಹತ್ತಿ ನೋಡಿದರೆ ಅಂಗೈ ಇಳಿಯುವಷ್ಟು ಬಿರುಕು. ಎಲ್ಲರೂ ಶಾಲೆಗೆ ನಡೆಯಿರಿ ಎಂದು ಮನೆಮನೆಗೆ ಹೋಗಿ ಬೇಡಿಕೊಂಡೆ. ಬಿಟ್ಟರೆ ಮತ್ತೆ ಲೈನಿಗೇ ದಬ್ಬುತ್ತಾರೆಂದು ಯಾರೂ ಕದಲಲಿಲ್ಲ. "ನೀವು ಏಳೋವರೆಗೂ ನಾನೂ ಏಳಲ್ಲ" ಎಂದು ಕೊನೆಯ ಮನೆಯ ಜಗಲಿಯಲ್ಲಿ, ಬರೆಗೆ ಬೆನ್ನು ಕೊಟ್ಟು ಕೂತೆ. ನನ್ನ ಮೇಲಾದರೂ ಕರುಣೆ ಬಂದೀತು ಎಂಬ ಆಸೆ.

ಆ ಮನೆಯ ಲಲಿತಾ ಬೆಲ್ಲದ ಕಾಫಿ ತಂದಳು. ಕಟ್ಟಿಟ್ಟಿದ್ದ ಬಟ್ಟೆಗಂಟು ಬಿಚ್ಚುತ್ತಾ ಪಕ್ಕದ ಮನೆಗೆ ಕೂಗಿ ಹೇಳಿದಳು: "ಏನೂ ಆಗಲ್ಲ ಬಿಡ್ರಿ, ಮೆಂಬ್ರೇ ಬಂದು ಕೂತವ್ರೆ." ಆಮೇಲೆ ನನಗೆ, "ಬೇರೆಯೋರಾಗಿದ್ರೆ ಅವರೂರಿಗೆ ಓಡ್ತಿದ್ರು. ನೀವು ನಮ್ಮೂರೋರೇ ಅಣ್ಣ" ಅಂದಳು.

ಹದಿನೈದು ವರ್ಷ ಕಾದಿದ್ದ ಮಾತು. ಆ ಮಾತಿನ ಸುಖಕ್ಕೆ, ನಾಚಿಕೆಗೆಟ್ಟವನು, ಇನ್ನೆರಡು ಗುಟುಕು ಕಾಫಿ ಕುಡಿದೆ. ನಾನು ಕೂತಿರುವಷ್ಟು ಹೊತ್ತೂ ಇವರು ಏಳುವುದಿಲ್ಲ ಎಂದು ಆಗ ಹೊಳೆಯಿತು. ಲೋಟ ಬಿಸಾಕಿ, "ಗುಡ್ಡ ಬಂತು" ಎಂದು ಕಿರುಚುತ್ತಾ ಇಳಿಜಾರಿನಲ್ಲಿ ಓಡಿದೆ. ಹನ್ನೊಂದು ಮನೆಯವರೂ ಮಕ್ಕಳನ್ನೆತ್ತಿಕೊಂಡು ನನ್ನ ಹಿಂದೆ ಓಡಿದರು.

ಇವತ್ತಿಗೆ ಎಂಟು ದಿನ. ಗುಡ್ಡ ಬಿದ್ದಿಲ್ಲ, ಮಳೆಯೂ ನಿಂತಿಲ್ಲ. ಶಾಲೆಗೆ ಅಕ್ಕಿ ಹೊತ್ತು ಹೋದರೆ ಲಲಿತಾ ಮುಖ ತಿರುಗಿಸುತ್ತಾಳೆ. "ಅವರಿಗೇನು, ಓಡೋಕೆ ಒಂದು ಊರದೆ" ಎಂದು ನಿನ್ನೆ ಯಾರಿಗೋ ಹೇಳುತ್ತಿದ್ದಳು. ಮನೆಗೆ ಬರುತ್ತಾ ದಾರಿಯಲ್ಲಿ, ಆ ಗುಡ್ಡ ಒಮ್ಮೆ ಬಿದ್ದುಬಿಡಲಿ ಅನಿಸಿತು. ಹಾಗೆ ಅನಿಸಿದ್ದಕ್ಕೆ ನನಗೆ ನನ್ನ ಮೇಲೇ ಹೆದರಿಕೆಯಾಗಿದೆ.